ನೇತ್ರಾ ಸಿಗುತ್ತಿಲ್ಲ

ಅವರು ಹೋದ ತಿಂಗಳು ಬೆಳ್ತಂಗಡಿಯಲ್ಲಿ ತೀರಿಕೊಂಡರು. ಸುದ್ದಿ ತಿಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಬಲಗೈಯ ತೋರುಬೆರಳು. ಆ ಬೆರಳನ್ನು ನಾಲಿಗೆಗೆ ತಾಗಿಸದೆ ಅವರು ಯಾವ ಪುಟವನ್ನೂ ತಿರುಗಿಸಿದವರಲ್ಲ. ಉತ್ತರಪತ್ರಿಕೆ, ಹಾಜರಿ ಪುಸ್ತಕ, ಪಂಚಾಂಗ, ಬೇರೆಯವರ ಮನೆಯ ಮದುವೆ ಕಾಗದ, ಎಲ್ಲಕ್ಕೂ ಎಂಜಲು. ಮುಂದೆ ಕಂಪ್ಯೂಟರ್ ಬಂದು ಪುಟ ತಿರುಗಿಸುವ ಕೆಲಸವೇ ಇಲ್ಲದಾದಾಗಲೂ ಬೆರಳು ಒಮ್ಮೆ ನಾಲಿಗೆಗೆ ಹೋಗಿಯೇ ಕೀಲಿಯ ಮೇಲೆ ಇಳಿಯುತ್ತಿತ್ತು. ಅವರು ಎದ್ದುಹೋದ ಜಾಗದಲ್ಲಿ ಕೂರಬೇಕಾಗಿ ಬಂದರೆ ನಾನು ಕರವಸ್ತ್ರದಿಂದ ಕೀಲಿಗಳನ್ನು ಒರೆಸಿಕೊಳ್ಳುತ್ತಿದ್ದೆ. ಒರೆಸಿದ ಕರವಸ್ತ್ರವನ್ನು ಮತ್ತೆ ಕಿಸೆಗೆ ಹಾಕಲು ಮನಸ್ಸು ಬರುತ್ತಿರಲಿಲ್ಲ.

ಆದರೆ ಈ ಅಭ್ಯಾಸ ನನ್ನ ಅಜ್ಜನಿಗೂ ಇತ್ತು. ಅಜ್ಜ ಬೆರಳು ನೆಕ್ಕಿ ಪುರಾಣದ ಹಾಳೆ ಮಗುಚುವಾಗ ನನಗೆ ಯಾವತ್ತೂ ಹೊಟ್ಟೆ ತೊಳಸಿದ್ದಿಲ್ಲ. ಹಾಗಾಗಿ ತಪ್ಪು ಬೆರಳಿನದಲ್ಲ. ಮನುಷ್ಯನ ಮೇಲೆ ಹೇಸಿಗೆ ಹುಟ್ಟಿದ ಮೇಲೆ ಅವನ ಬೆರಳೂ ಹೇಸಿಗೆಯಾಗುತ್ತದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಇದ್ದಾರೆ, ಮಗ ಇದ್ದಾನೆ. ಬಹುವಚನ ಬಳಸುತ್ತಿರುವುದು ಅಭ್ಯಾಸಬಲದಿಂದ. ನಮ್ಮ ಕಡೆ ಮೇಷ್ಟ್ರುಗಳನ್ನು ಏಕವಚನದಲ್ಲಿ ಬೈಯುವ ರೂಢಿ ಇಲ್ಲ.

ನಾನು ಅವರನ್ನು ಮೊದಲು ಕಂಡದ್ದು ಬಂಟ್ವಾಳದ ಒಂದು ಹೈಸ್ಕೂಲಿನಲ್ಲಿ, ಎಪ್ಪತ್ತರ ದಶಕದ ಆರಂಭದಲ್ಲಿ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಅವರು ವಿಜ್ಞಾನದ ಮೇಷ್ಟ್ರು, ನನಗಿಂತ ಏಳೆಂಟು ವರ್ಷ ಹಿರಿಯರು. ದುಂಡು ಮುಖ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಎಡಗೈಯ ಕಿರುಬೆರಳಿನ ಉದ್ದನೆಯ ಉಗುರಿನಲ್ಲಿ ಯಾವಾಗಲೂ ಸ್ವಲ್ಪ ಸುಣ್ಣ. ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಲುಕುತ್ತಿತ್ತು. ಪಾಠ ಚೆನ್ನಾಗಿ ಮಾಡುತ್ತಿದ್ದರು, ಇದನ್ನು ಮುಚ್ಚಿಡಬಾರದು. ನೀರು ತುಂಬಿದ ಲೋಟದಲ್ಲಿ ಪೆನ್ಸಿಲ್ ಇಟ್ಟು ಅದು ಮುರಿದ ಹಾಗೆ ಯಾಕೆ ಕಾಣುತ್ತದೆ ಎಂದು ಅವರು ವಿವರಿಸುವಾಗ ಪಕ್ಕದ ತರಗತಿಯಲ್ಲಿದ್ದ ನಾನೂ ಚಾಕ್ ಹಿಡಿದುಕೊಂಡು ಕೇಳುತ್ತಾ ನಿಂತದ್ದುಂಟು.

ಪ್ರಯೋಗಶಾಲೆಯ ಕಪಾಟು ಅವರ ಸುಪರ್ದಿಯಲ್ಲಿತ್ತು. ಬಾಟಲಿಗಳ ಮೇಲಿನ ಹೆಸರಿನ ಚೀಟಿಗಳನ್ನು ಅವರು ಒಂದೊಂದಾಗಿ ಕಿತ್ತು ತೆಗೆದಿದ್ದರು. ಕೇಳಿದರೆ ಹುಳ ತಿಂದಿತು ಎನ್ನುತ್ತಿದ್ದರು. ಯಾವ ಬಾಟಲಿಯಲ್ಲಿ ಏನುಂಟು ಎಂಬುದು ಅವರೊಬ್ಬರಿಗೇ ಗೊತ್ತು. ಒಂದು ವರ್ಷ ಇನ್‌ಸ್ಪೆಕ್ಷನ್ನಿನ ದಿನ ಅವರು ಜ್ವರವೆಂದು ರಜೆ ಹಾಕಿ ಬೆಳ್ತಂಗಡಿಯ ಮನೆಯಲ್ಲಿ ಕುಳಿತರು. ಇನ್ನೊಬ್ಬ ಮೇಷ್ಟ್ರು ಕಪಾಟು ತೆರೆದು, ಬಣ್ಣವಿಲ್ಲದ ಹತ್ತಾರು ದ್ರವಗಳನ್ನು ನೋಡಿ ಬೆವರಿದರು. ಹೆಡ್‌ಮಾಸ್ಟರು ಬಾಡಿಗೆ ಕಾರು ಮಾಡಿ ಬೆಳ್ತಂಗಡಿಗೆ ಆಳು ಕಳಿಸಿದರು. ಅವರು ಮಫ್ಲರ್ ಸುತ್ತಿಕೊಂಡು ಕಾರಿನಿಂದ ಇಳಿದು, ಕಪಾಟಿನ ಮುಂದೆ ನಿಂತು, ಇದು ಇದು, ಅದು ಅದು ಎಂದು ತೋರಿಸಿಕೊಟ್ಟರು. ಇನ್‌ಸ್ಪೆಕ್ಟರು ವರದಿಯಲ್ಲಿ ಅವರ ಸೇವಾನಿಷ್ಠೆಯನ್ನು ಹೊಗಳಿ ಬರೆದರು. ನಾವೂ ಅದನ್ನು ನಂಬಿದೆವು. ಜ್ವರ ಇದ್ದ ಮನುಷ್ಯ ಕಾರಿನಿಂದ ಇಳಿಯುವಾಗ ಇಸ್ತ್ರಿ ಹಾಕಿದ ಅಂಗಿಯಲ್ಲಿ ಇದ್ದದ್ದು ಹೇಗೆ ಎಂದು ಆಗ ಯಾರೂ ಯೋಚಿಸಲಿಲ್ಲ.

ಯಾರನ್ನೂ ಅವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿನಿಂದ ಕರೆಯುತ್ತಿದ್ದರು. ಜವಾನ ‘ಪಾಣೆಮಂಗಳೂರು’, ಡ್ರಾಯಿಂಗ್ ಮೇಷ್ಟ್ರು ‘ವಿಟ್ಲ’, ನಾನು ‘ಬಂಟ್ವಾಳ’. ಮೇಲಿನವರಿಗೆ ಮಾತ್ರ ಹೆಸರೂ ಇತ್ತು, ಹೆಸರಿನ ಮುಂದೆ ಶ್ರೀಯೂ ಹಿಂದೆ ಅವರೂ ಇತ್ತು.

ಕೆಲವು ವರ್ಷಗಳ ಬಳಿಕ ನಾನು ಎಂ.ಕಾಂ. ಮುಗಿಸಿ ಮೂಡುಬಿದಿರೆಯ ಒಂದು ಖಾಸಗಿ ಕಾಲೇಜಿಗೆ ಹೋದೆ. ಎಂಬತ್ತರ ದಶಕದ ನಡುವೆ ಅವರೂ ಅಲ್ಲಿಗೆ ಬಂದರು. ಅಷ್ಟರಲ್ಲಿ ಅವರು ಬೆಂಗಳೂರಿನಲ್ಲಿ ಕಂಪ್ಯೂಟರಿನ ಒಂದು ಕೋರ್ಸು ಮಾಡಿಕೊಂಡಿದ್ದರು. ಆಗ ನಮ್ಮ ಕಡೆ ಕಂಪ್ಯೂಟರನ್ನು ಕಣ್ಣಿನಲ್ಲಿ ಕಂಡವರೇ ಕಡಿಮೆ. ಆಡಳಿತ ಮಂಡಳಿ ಹೊಸದಾಗಿ ಕಂಪ್ಯೂಟರ್ ವಿಭಾಗ ತೆರೆದು ಅವರನ್ನೇ ಮುಖ್ಯಸ್ಥರನ್ನಾಗಿ ಮಾಡಿತು. ಪರೀಕ್ಷೆಯ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ನನಗೆ ಆ ವಿಭಾಗದ ಪಕ್ಕದ ಕೋಣೆಯೇ ಸಿಕ್ಕಿತು. ನಡುವೆ ಒಂದು ಪ್ಲೈವುಡ್ ಗೋಡೆ. ಅವರ ಕೆಮ್ಮು, ಏಲಕ್ಕಿ ಜಗಿಯುವ ಸದ್ದು ಎಲ್ಲ ನನಗೆ ಕೇಳುತ್ತಿತ್ತು.

ಮೊದಲು ಯಂತ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದವು. ದಶಕ ಮುಗಿಯುವ ಹೊತ್ತಿಗೆ ಆರು ಯಂತ್ರಗಳನ್ನು ಒಂದಕ್ಕೊಂದು ಜೋಡಿಸಬೇಕು ಎಂದಾಯಿತು. ಬೆಂಗಳೂರಿನ ಕಂಪೆನಿಯಿಂದ ಬಂದ ಇಂಜಿನಿಯರ್ ಒಬ್ಬ ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಉಳಿದುಕೊಂಡು, ಗೋಡೆಯುದ್ದಕ್ಕೂ ಕಪ್ಪು ಕೇಬಲ್ ಎಳೆದು ಕೆಲಸ ಮುಗಿಸಿದ. ಎಳೆ ವಯಸ್ಸಿನವ, ಸಹನೆಯಿಂದ ಹೇಳಿಕೊಡುತ್ತಿದ್ದ. ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆ ಇರುತ್ತದೆ, ಯಂತ್ರಗಳು ಒಂದನ್ನೊಂದು ಹುಡುಕುವುದು ಆ ಸಂಖ್ಯೆಯಿಂದಲೇ ಎಂದ. ಆದರೆ ಸಂಖ್ಯೆಯನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟ, ಅದಕ್ಕಾಗಿ ಒಂದೊಂದಕ್ಕೂ ಒಂದು ಹೆಸರು ಇಡುತ್ತೇವೆ. ಯಾವ ಹೆಸರಿಗೆ ಯಾವ ಸಂಖ್ಯೆ ಎಂಬುದನ್ನು ಆರು ಯಂತ್ರಗಳ ಒಳಗೂ ಒಂದೇ ರೀತಿ ಬರೆದಿಡಬೇಕು. ನೀವು ಫೋನ್ ಎತ್ತಿ ಇಂಥವರ ಮನೆ ಕೊಡಿ ಎಂದರೆ ಎಕ್ಸ್‌ಚೇಂಜಿನವರು ನಂಬರು ನೋಡಿ ಕೊಡುತ್ತಾರಲ್ಲ, ಹಾಗೆ. ಎಕ್ಸ್‌ಚೇಂಜಿನಲ್ಲಿ ನಂಬರು ತಪ್ಪಾಗಿ ಬರೆದಿದ್ದರೆ ಫೋನು ಬೇರೆ ಯಾರದೋ ಮನೆಗೆ ಹೋಗುತ್ತದೆ.

ಏನು ಹೆಸರು ಇಡುವುದು ಎಂದು ಅವನು ಕೇಳಿದಾಗ ಉತ್ತರ ಕೊಟ್ಟದ್ದು ಝುಬೇದಾ. ಅವಳು ಪರೀಕ್ಷಾ ವಿಭಾಗದ ಟೈಪಿಸ್ಟ್, ನನ್ನ ಕೋಣೆಯಲ್ಲೇ ಕೆಲಸ. ತೋಡಾರಿನವಳು, ತಂದೆಗೆ ಅಲ್ಲಿ ರಸ್ತೆ ಬದಿಯಲ್ಲಿ ಒಂದು ಸಣ್ಣ ಜಿನಸಿನ ಅಂಗಡಿ. ಅವರ ಮನೆತನದಲ್ಲಿ ಆಫೀಸಿನ ಕೆಲಸಕ್ಕೆ ಹೊರಟ ಮೊದಲ ಹೆಣ್ಣುಮಗಳು. ಬೆಳಗ್ಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿನಲ್ಲಿ ಹೋಗುತ್ತಿದ್ದಳು. ಕಂಪ್ಯೂಟರನ್ನು ಹೆದರದೆ ಮುಟ್ಟಿದವರಲ್ಲಿ ಅವಳೂ ಒಬ್ಬಳು. ಹೊಳೆಗಳ ಹೆಸರು ಇಡುವ ಸಾರ್, ಜಿಲ್ಲೆಯಲ್ಲಿ ಬೇಕಾದಷ್ಟು ಉಂಟಲ್ಲ ಎಂದಳು. ಹೆಸರು ಗಿಡ್ಡ ಇರಲಿ ಎಂದು ಇಂಜಿನಿಯರ್ ಹೇಳಿದ್ದರಿಂದ ನೇತ್ರಾವತಿ ‘ನೇತ್ರಾ’ ಆಯಿತು, ಕುಮಾರಧಾರಾ ‘ಕುಮಾರ’ ಆಯಿತು. ಉಳಿದವು ನಂದಿನಿ, ಶಾಂಭವಿ, ಸೀತಾ, ಸುವರ್ಣಾ. ದಾಖಲೆಗಳೆಲ್ಲ ಇರುವ ದೊಡ್ಡ ಯಂತ್ರಕ್ಕೆ ನೇತ್ರಾ ಎಂದೂ, ಹುಡುಗರು ಅಭ್ಯಾಸ ಮಾಡುವ ಹಳೆಯ ಯಂತ್ರಕ್ಕೆ ಸೀತಾ ಎಂದೂ ಇಟ್ಟರು. ಸೀತಾದಲ್ಲಿ ಹುಡುಗರು ತುಂಬಿದ ಕಸವನ್ನೆಲ್ಲ ಶನಿವಾರ ಸಂಜೆ ಅಳಿಸಿ ಖಾಲಿ ಮಾಡುವುದು ಕ್ರಮವಾಗಿತ್ತು.

ಅವರು ಮೂಗು ಮುರಿದರು. ಇದೆಂತ ಮಕ್ಕಳಾಟ ಎಂದರು. ಆದರೆ ಉದ್ಘಾಟನೆಯ ದಿನ ಮಂಡಳಿಯ ಕಾರ್ಯದರ್ಶಿಗಳು ಹೊಳೆಗಳ ಹೆಸರು ಕೇಳಿ ಸಂತೋಷಪಟ್ಟಾಗ, ಅವರು ಮುಂದೆ ಬಂದು ಕೈ ಮುಗಿದು, ನನ್ನ ತಲೆಗೆ ಬಂದದ್ದು ಸಾರ್ ಎಂದರು. ಝುಬೇದಾ ಹೂಗುಚ್ಛದ ತಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವಳ ಕಡೆ ಅವರು ತಿರುಗಿ ಸಹ ನೋಡಲಿಲ್ಲ.

ಇಂಜಿನಿಯರ್ ಬೆಂಗಳೂರಿಗೆ ಹೋದ ಮೇಲೆ ತೊಂದರೆ ಶುರುವಾಯಿತು. ಮೊದಲ ಕೆಲವು ವಾರ ಚೆನ್ನಾಗಿ ನಡೆದ ಯಂತ್ರಗಳು ಆಗಾಗ ಒಂದನ್ನೊಂದು ಗುರುತಿಸದೆ ಹೋಗತೊಡಗಿದವು. ನೇತ್ರಾ ಸಿಗುತ್ತಿಲ್ಲ ಎಂಬ ಅರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲೆ ಬರುತ್ತಿತ್ತು. ಫೀಸು ಕಟ್ಟಿಸಿಕೊಳ್ಳುವ ದಿನವೋ, ಮಂಡಳಿಯ ಸಭೆಗೆ ಅಂಕಿಅಂಶ ಬೇಕಾದ ದಿನವೋ ಹೀಗಾಗುತ್ತಿತ್ತು, ಸುಮ್ಮನೆ ಒಂದು ಬಿಡುವಿನ ದಿನ ಆದದ್ದಿಲ್ಲ. ಜವಾನ ಅವರನ್ನು ಕರೆಯಲು ಓಡುತ್ತಿದ್ದ. ಅವರು ಕ್ಯಾಂಟೀನಿನಲ್ಲಿ ಚಹಾವನ್ನು ತಟ್ಟೆಗೆ ಸುರಿದು, ಊದಿ, ಸದ್ದು ಮಾಡಿ ಕುಡಿದು ಮುಗಿಸಿಯೇ ಏಳುತ್ತಿದ್ದರು. ಪ್ರಿನ್ಸಿಪಾಲರೇ ವರಾಂಡದಲ್ಲಿ ಕಾಯುತ್ತಿದ್ದರೂ ನಡಿಗೆಯಲ್ಲಿ ಅವಸರವಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಪ್ಲೈವುಡ್ಡಿನ ಆಚೆ ಕೀಲಿಯ ಸದ್ದು ಸ್ವಲ್ಪ, ಏಲಕ್ಕಿಯ ಸದ್ದು ಹೆಚ್ಚು. ಆಮೇಲೆ ಆಪರೇಷನ್ ಥಿಯೇಟರಿನಿಂದ ಬರುವ ಡಾಕ್ಟರರ ಹಾಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು, ‘ಈಗ ನೋಡಿ’ ಎನ್ನುತ್ತಿದ್ದರು. ಎಲ್ಲ ಸರಿಯಾಗಿರುತ್ತಿತ್ತು. ಏನಾಗಿತ್ತು ಎಂದು ಕೇಳಿದರೆ, ನಿಮಗೆ ಹೇಳಿದರೆ ಅರ್ಥ ಆಗ್ಲಿಕ್ಕಿಲ್ಲ ಎಂಬ ಉತ್ತರ.

ಅವರಿಲ್ಲದಿದ್ದರೆ ಕಾಲೇಜು ಒಂದು ದಿನ ನಡೆಯದು ಎಂದು ಪ್ರಿನ್ಸಿಪಾಲರು ಸಭೆಯಲ್ಲೇ ಹೇಳಿದರು. ಅವರಿಗೆ ಬೇರೆ ಮೇಜು ಬಂತು, ಕೋಣೆಗೆ ಫ್ಯಾನು ಬಂತು, ಮನೆಗೆ ಫೋನು ಬಂತು. ಕಂಪ್ಯೂಟರ್ ಎಂದರೆ ಹೀಗೆಯೇ ಇರಬೇಕು, ಅದಕ್ಕೊಂದು ಕೋಪ ತಾಪ ಉಂಟು, ಇವರಿಗೆ ಮಾತ್ರ ಅದು ಬಗ್ಗುತ್ತದೆ ಎಂದು ನಾವು ನಂಬಿದ್ದೆವು. ಒಮ್ಮೆ ಝುಬೇದಾ ನನ್ನ ಹತ್ತಿರ, ಸಾರ್, ಹೆಸರು ಬರೆದಿಟ್ಟದ್ದು ತನ್ನಿಂದ ತಾನೇ ಹೇಗೆ ಅಳಿಸಿ ಹೋಗುವುದು ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅವರನ್ನೇ ಕೇಳು ಎಂದೆ. ಕೇಳಿದಳು. ಅವರು ಕನ್ನಡಕದ ಮೇಲಿನಿಂದ ನೋಡಿ, ‘ತೋಡಾರು, ನಿನ್ನ ಕೆಲಸ ಟೈಪ್ ಮಾಡುವುದು’ ಎಂದರಂತೆ. ಆ ದಿನದಿಂದ ಅವಳ ಮೇಲೆ ಅವರ ಕಣ್ಣು ಬಿದ್ದಿತ್ತು ಎಂದು ನನಗೆ ಈಗ ಅನಿಸುತ್ತದೆ.

ಆ ವರ್ಷ ಮಧ್ಯಾವಧಿ ಪರೀಕ್ಷೆ ಮುಗಿದು ಅಂಕಗಳನ್ನು ಕಂಪ್ಯೂಟರಿಗೆ ತುಂಬಿಸುವ ವಾರ ಅವರು ಮಂಡಳಿಯ ಅತಿಥಿಗಳೊಬ್ಬರನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುವುದುಂಟು ಎಂದು ರಜೆ ಹಾಕಿದರು. ಝುಬೇದಾ ನನ್ನ ಕೋಣೆಯ ಯಂತ್ರದಲ್ಲಿ ಕುಳಿತು ಎಲ್ಲ ತರಗತಿಗಳ ಅಂಕಗಳನ್ನು ತುಂಬಿಸಿ ನೇತ್ರಾಕ್ಕೆ ಕಳಿಸಿದಳು. ಯಾವ ತಕರಾರೂ ಬರಲಿಲ್ಲ. ಪರದೆಯಲ್ಲಿ ಎಲ್ಲ ಸೇರಿದ್ದು ಕಾಣಿಸಿತು. ನಾನೂ ನೋಡಿದ್ದೇನೆ. ಶನಿವಾರ ಸಂಜೆ ಹುಡುಗರ ಯಂತ್ರ ಸೀತಾವನ್ನು ಎಂದಿನಂತೆ ಖಾಲಿ ಮಾಡಲಾಯಿತು. ಸೋಮವಾರ ಬಂದು ನೋಡಿದರೆ ನೇತ್ರಾದಲ್ಲಿ ಅಂಕಗಳೇ ಇಲ್ಲ.

ಅವರು ಆ ದಿನ ಹಣೆಗೆ ಗಂಧ ಹಚ್ಚಿಕೊಂಡು, ಸಿಬ್ಬಂದಿಗೆಲ್ಲ ಪ್ರಸಾದದ ಪೊಟ್ಟಣ ತಂದಿದ್ದರು. ವಿಷಯ ಹೇಳಿದ ಕೂಡಲೇ ನನ್ನ ಕೋಣೆಗೆ ಬಂದು, ನಮ್ಮಿಬ್ಬರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡರು. ತೆರೆದಾಗ ಮುಖದಲ್ಲಿ ಎಂದಿನ ‘ಈಗ ನೋಡಿ’ ಇರಲಿಲ್ಲ. ಯಾರೋ ಅಳಿಸಿದ್ದಾರೆ ಎಂದರು. ಯಾರು ಎಂದು ನಾನು ಕೇಳಿದೆ. ಅವರು ಝುಬೇದಾಳ ಕುರ್ಚಿಯ ಕಡೆ ನೋಡಿದರು.

ಕಾಲೇಜಿನಲ್ಲಿ ದೊಡ್ಡ ಗಲಾಟೆಯಾಯಿತು. ಬಹಳ ಮಂದಿ ಅಧ್ಯಾಪಕರು ಉತ್ತರಪತ್ರಿಕೆಗಳನ್ನು ಹುಡುಗರಿಗೆ ಹಿಂದೆ ಕೊಟ್ಟಾಗಿತ್ತು. ಪುನಃ ಸಂಗ್ರಹಿಸಬೇಕು, ಪುನಃ ತುಂಬಿಸಬೇಕು, ಪೋಷಕರ ಸಭೆ ಮುಂದೆ ಹೋಗಬೇಕು. ಎಲ್ಲರ ಸಿಟ್ಟೂ ಅವಳ ಮೇಲೆ. ಸಿಬ್ಬಂದಿ ಸಭೆ ಕರೆದು ಎಲ್ಲರ ಎದುರು ಅವಳನ್ನು ನಿಲ್ಲಿಸಿದರು. ನೇತ್ರಾಕ್ಕೇ ಕಳಿಸಿದ್ದೇನೆ, ಸೇರಿದ್ದನ್ನು ನೋಡಿದ್ದೇನೆ ಎಂದು ಅವಳು ಹೇಳಿದಳು. ನಾನೂ ಎದ್ದು ನಿಂತು, ಹೌದು, ನಾನು ಸಾಕ್ಷಿ ಎಂದೆ. ಅವರು ಮೆಲ್ಲಗೆ ನಕ್ಕರು, ಹೊಟ್ಟೆ ಕುಲುಕಿತು. ಯಂತ್ರ ಸುಳ್ಳು ಹೇಳುವುದಿಲ್ಲ, ಇಲ್ಲದ್ದು ಇಲ್ಲ ಎಂದರು. ಅದಕ್ಕೆ ಉತ್ತರ ಕೊಡುವ ವಿದ್ಯೆ ನಮಗಿರಲಿಲ್ಲ. ಸಂಜೆಯೊಳಗೆ ಇನ್ನೊಂದು ಮಾತು ಸ್ಟಾಫ್‌ರೂಮಿನಲ್ಲಿ ಓಡಾಡತೊಡಗಿತು: ಒಂದು ತರಗತಿಯಲ್ಲಿ ತೋಡಾರಿನ ಒಬ್ಬ ಹುಡುಗನಿದ್ದಾನೆ, ಅವಳ ಕಡೆಯವನಂತೆ, ಅವನಿಗೆ ಅಂಕ ಕಡಿಮೆ ಬಂದಿತ್ತಂತೆ. ಮಾತು ಎಲ್ಲಿಂದ ಹೊರಟಿತು ಎಂದು ನಾನು ವಿಚಾರಿಸುತ್ತಾ ಹೋದೆ. ಪ್ರತಿಯೊಬ್ಬರೂ ಮತ್ತೊಬ್ಬರನ್ನು ತೋರಿಸಿದರು. ಕೊನೆಗೆ ದಾರಿ ಪ್ಲೈವುಡ್ ಗೋಡೆಯ ಆಚೆಗೆ ಹೋಗಿ ನಿಂತಿತು. ಝುಬೇದಾಳನ್ನು ಮರುದಿನದಿಂದ ಬರುವುದು ಬೇಡ ಎಂದರು. ಅವಳು ತನ್ನ ಊಟದ ಬುತ್ತಿ, ಛತ್ರಿ ತೆಗೆದುಕೊಂಡು, ಟೈಪ್‌ರೈಟರಿಗೆ ಕವರು ಹಾಕಿ ಹೋದಳು.

ಇದಾದ ಕೆಲವು ತಿಂಗಳಿಗೆ ಬಂಟ್ವಾಳದ ನಮ್ಮ ಹಳೆಯ ಹೆಡ್‌ಮಾಸ್ಟರರಿಗೆ ಸನ್ಮಾನ ಇತ್ತು. ನಾವಿಬ್ಬರೂ ಮೂಡುಬಿದಿರೆಯಲ್ಲಿ ಒಂದೇ ಬಸ್ಸು ಹತ್ತಬೇಕಾಯಿತು. ಅವರು ಹುರಿದ ನೆಲಗಡಲೆಯ ಪೊಟ್ಟಣ ತೆಗೆದುಕೊಂಡು ನನ್ನ ಪಕ್ಕದಲ್ಲೇ ಕುಳಿತರು. ಸುಲಿದು ತಿನ್ನುತ್ತಾ ಸಿಪ್ಪೆಯನ್ನು ನಮ್ಮಿಬ್ಬರ ಕಾಲಿನ ನಡುವೆ ಉದುರಿಸುತ್ತಿದ್ದರು. ಅವರ ಮನಸ್ಸು ಉಲ್ಲಾಸದಲ್ಲಿತ್ತು. ಹೆಡ್‌ಮಾಸ್ಟರರ ಕಾಲದ ಇನ್‌ಸ್ಪೆಕ್ಷನ್ನಿನ ಕತೆ ಎತ್ತಿ, ಜ್ವರ ಬಂದಿರಲೇ ಇಲ್ಲ ಎಂದು ಹೇಳಿ ನಕ್ಕರು. ನಾನೂ ಸುಮ್ಮನೆ ಸ್ವಲ್ಪ ನಕ್ಕಿರಬೇಕು. ಅದರಿಂದ ಅವರಿಗೆ ಧೈರ್ಯ ಬಂತು.

‘ಬಂಟ್ವಾಳ, ನಿಮಗೊಂದು ತಮಾಷೆ ಹೇಳ್ತೇನೆ. ನೀವು ಹಳೇ ಜನ ಅಂತ ಹೇಳುವುದು’ ಎಂದರು. ‘ಆ ಹೆಸರಿನ ಪಟ್ಟಿ ಉಂಟಲ್ಲ, ಅದರಲ್ಲಿ ಒಂದು ಅಂಕೆ ಆಚೀಚೆ ಮಾಡಿದ್ರೆ ಸಾಕು ಮಾರಾಯ್ರೆ. ಇಡೀ ಕಾಲೇಜು ನಮ್ಮ ಬಾಗಿಲಿಗೆ ಬರ್ತದೆ.’

ನನಗೆ ಕೂಡಲೇ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಯಂತ್ರಗಳು ಒಂದನ್ನೊಂದು ಗುರುತಿಸದೆ ಹೋದ ಅಷ್ಟೂ ಸಲ ಅಂಕೆ ಬದಲಿಸಿದ್ದು ಅವರೇ. ಧರ್ಮಸ್ಥಳಕ್ಕೆ ಹೋಗುವ ಮುನ್ನಾದಿನವೂ, ತಾನಿಲ್ಲದಾಗ ಎಲ್ಲರೂ ಪೇಚಾಡಲಿ, ಕಾರು ಕಳಿಸಲಿ ಎಂದು, ನನ್ನ ಕೋಣೆಯ ಯಂತ್ರದಲ್ಲಿ ನೇತ್ರಾದ ಸಂಖ್ಯೆಯ ಕೊನೆಯ ಅಂಕೆಯನ್ನು ಬದಲಿಸಿದ್ದರು. ಯಾವ ಯಂತ್ರಕ್ಕೂ ಇಲ್ಲದ ಸಂಖ್ಯೆಯೊಂದನ್ನು ಹಾಕುವ ಬದಲು ಅವಸರದಲ್ಲಿ ಸೀತಾದ ಸಂಖ್ಯೆಯನ್ನೇ ಹಾಕಿಬಿಟ್ಟರು. ಹಾಗಾಗಿ ತಕರಾರು ಬರಲಿಲ್ಲ. ಝುಬೇದಾ ನೇತ್ರಾ ಎಂದುಕೊಂಡು ಕಳಿಸಿದ ಅಂಕಗಳೆಲ್ಲ ಹುಡುಗರ ಯಂತ್ರಕ್ಕೆ ಹೋಗಿ ಕುಳಿತವು, ಶನಿವಾರ ಅಳಿಸಿ ಹೋದವು. ಸೋಮವಾರ ಬಾಗಿಲು ಹಾಕಿಕೊಂಡು ನೋಡಿದ ಕ್ಷಣಕ್ಕೇ ಅವರಿಗೆ ಇದು ತಿಳಿಯಿತು. ಅಂಕೆಯನ್ನು ಮೊದಲಿನ ಹಾಗೆ ತಿದ್ದಿಟ್ಟು ಬಾಗಿಲು ತೆರೆದರು.

‘ಆ ಹುಡುಗಿಯನ್ನು ತೆಗೆದು ಹಾಕಿದ್ರಲ್ಲ’ ಎಂದೆ ನಾನು.

‘ಯಾವ ಹುಡುಗಿ? ಓ, ತೋಡಾರಾ?’ ಎಂದು ಅವರು ಬೀಜವೊಂದನ್ನು ಬಾಯಿಗೆ ಹಾಕಿಕೊಂಡರು. ‘ಅವಳಿಗೆ ಎಂತ ಆಗ್ಲಿಕ್ಕುಂಟು? ನಾಳೆ ಮದುವೆ ಆಗಿ ಗಲ್ಫಿಗೆ ಹೋಗ್ತಾಳೆ. ನನಗಾದ್ರೆ ಸಂಸಾರ ಉಂಟು.’ ಆಮೇಲೆ ನಾಲಿಗೆಗೆ ಬೆರಳು ತಾಗಿಸಿ, ಪೊಟ್ಟಣದ ತಳದಲ್ಲಿದ್ದ ಉಪ್ಪನ್ನು ಅದರಿಂದ ಒತ್ತಿ ತೆಗೆದು ನೆಕ್ಕಿ, ಉಳಿದದ್ದನ್ನು ನನ್ನ ಕಡೆ ಚಾಚಿದರು. ‘ತೆಕ್ಕೊಳ್ಳಿ.’

ದಾರಿಯ ನಡುವಿನ ಸಿದ್ಧಕಟ್ಟೆ ಬಂದಿತ್ತು. ನಾನು ಎದ್ದು ಇಳಿದುಬಿಟ್ಟೆ. ರಸ್ತೆಯಾಚೆಯ ಮೋರಿಯ ಹತ್ತಿರ ಹೋಗಿ ಬಗ್ಗಿ ನಿಂತೆ. ಬೆಳಗ್ಗೆ ತಿಂದದ್ದೆಲ್ಲ ಹೊರಗೆ ಬಂತು. ನನಗೆ ಅಲ್ಲಿ ಏನೋ ಕೆಲಸ ಉಂಟೆಂದು ಅವರು ತಿಳಿದಿರಬೇಕು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಬೀಸಿದರು.

ಮನುಷ್ಯರು ಹೊಟ್ಟೆಪಾಡಿಗೆ ಸುಳ್ಳು ಹೇಳುವುದನ್ನು ನಾನು ಕಂಡಿದ್ದೇನೆ. ಹೆದರಿ ಬೇರೆಯವರ ಮೇಲೆ ತಪ್ಪು ಹಾಕುವುದನ್ನೂ ಕಂಡಿದ್ದೇನೆ. ಅದು ನನಗೆ ಅರ್ಥವಾಗುತ್ತದೆ. ಇವರಿಗೆ ವಿದ್ಯೆ ಇತ್ತು. ಇಡೀ ತಾಲೂಕಿನಲ್ಲಿ ಆ ವಿದ್ಯೆ ಬೇರೆ ಯಾರಿಗೂ ಇರಲಿಲ್ಲ. ಸುಮ್ಮನೆ ನೆಟ್ಟಗೆ ಕೆಲಸ ಮಾಡಿದ್ದರೂ ಜನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರು. ಅದು ಸಾಲಲಿಲ್ಲ. ಬೇರೆಯವರು ಗಾಬರಿಯಾಗಿ ಬಾಗಿಲು ತಟ್ಟುವುದನ್ನು ಒಳಗೆ ಕುಳಿತು ಕೇಳಬೇಕಾಗಿತ್ತು. ನನಗೆ ವಾಂತಿ ಬಂದದ್ದು ಅದಕ್ಕೆ.

ಮರುದಿನ ಬೆಳಗ್ಗೆ ನಾನು ಪ್ರಿನ್ಸಿಪಾಲರ ಮುಂದೆ ಕುಳಿತು ಎಲ್ಲ ಹೇಳಿದೆ. ಅವರು ಸಾಧು ಮನುಷ್ಯ. ಮೇಜಿನ ಗಾಜಿನ ಕೆಳಗಿದ್ದ ದೇವರ ಪಟವನ್ನೇ ನೋಡುತ್ತಾ ಕೇಳಿದರು. ಇವರನ್ನು ಕರೆಸಿದಾಗ ಇವರು ಸ್ವಲ್ಪವೂ ಗಲಿಬಿಲಿಗೊಳ್ಳಲಿಲ್ಲ. ತಮಾಷೆಗೆ ಹೇಳಿದ್ದನ್ನು ಬಂಟ್ವಾಳದವರು ನಿಜ ಎಂದುಕೊಂಡರಾ ಎಂದು ಕೇಳಿದರು. ಬೆಂಗಳೂರಿನ ಇಂಜಿನಿಯರನನ್ನು ಕರೆಸಿ ಪರೀಕ್ಷೆ ಮಾಡಿಸುವ ಎಂದು ನಾನು ಹೇಳಿದೆ. ಆಗ ಮಾತ್ರ ಇವರ ಕೈ ಏಲಕ್ಕಿಯ ಡಬ್ಬಿಯ ಮೇಲೆ ಹೋಗಿ ನಿಂತಿತು. ಪ್ರಿನ್ಸಿಪಾಲರು ಅದನ್ನು ನೋಡಿದರು. ಸತ್ಯ ಏನೆಂದು ಅವರಿಗೆ ತಿಳಿಯಿತು. ಇವರನ್ನು ಕಳಿಸಿ ನನ್ನೊಬ್ಬನನ್ನೇ ಉಳಿಸಿಕೊಂಡು, ಇದನ್ನು ದೊಡ್ಡದು ಮಾಡಿದರೆ ಹಾಳಾಗುವುದು ಕಾಲೇಜಿನ ಹೆಸರು ಎಂದರು. ಆ ಹುಡುಗಿಯನ್ನು ಪುನಃ ಬರಲಿಕ್ಕೆ ಹೇಳುವ, ಆದರೆ ವಿಷಯ ಈ ಕೋಣೆಯಲ್ಲೇ ಮುಗಿಯಲಿ ಎಂದರು.

ಅಷ್ಟಾದರೂ ಆಗಲಿ ಎಂದು ನಾನು ತೋಡಾರಿಗೆ ಹೋದೆ. ಅವಳ ತಂದೆ ಅಂಗಡಿಯಲ್ಲಿ ಅಕ್ಕಿ ಅಳೆಯುತ್ತಿದ್ದರು. ನನ್ನನ್ನು ಕಂಡು ಬೆಂಚು ಒರೆಸಿ ಕೂರಿಸಿದರು. ನಡೆದದ್ದನ್ನೆಲ್ಲ ನಾನು ತುಳುವಿನಲ್ಲಿ ಹೇಳಿದೆ. ಅವರು ಅಳೆಯುವ ಸೇರನ್ನು ಅಕ್ಕಿಯ ಮೂಟೆಯೊಳಗೆ ಇಟ್ಟರು. ಆಮೇಲೆ, ಆ ಅಂಕದ ಮಾತು ಇಲ್ಲಿಯವರೆಗೆ ಬಂದಿತ್ತು ಮಾಷ್ಟ್ರೇ, ಅಂಗಡಿಗೆ ಬಂದವರು ಅಕ್ಕಿ ಕಟ್ಟಿಸಿಕೊಳ್ಳುತ್ತಾ ಕೇಳುತ್ತಿದ್ದರು ಎಂದರು. ಆ ಹುಡುಗ ನಮಗೆ ಏನೂ ಆಗಬೇಕಾದವನಲ್ಲ, ಅವನ ಅಪ್ಪನ ಹೆಸರು ಸಹ ನನಗೆ ಸರಿ ಗೊತ್ತಿಲ್ಲ ಎಂದರು.

ಅಪ್ಪನೂ ಮಗಳೂ ಮರುದಿನ ಕಾಲೇಜಿಗೆ ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ನಾವು ಐದು ಮಂದಿ. ಜವಾನ ಚಹಾ ತಂದಿಟ್ಟು ಹೋಗುವಾಗ ಬಾಗಿಲು ಎಳೆದುಕೊಂಡು ಹೋದ. ಏನೋ ಒಂದು ತಾಂತ್ರಿಕ ತೊಂದರೆ ಆಗಿತ್ತು, ಯಾರದೂ ತಪ್ಪಲ್ಲ, ನಾಳೆಯಿಂದ ಕೆಲಸಕ್ಕೆ ಬರಬಹುದು ಎಂದು ಪ್ರಿನ್ಸಿಪಾಲರು ಹೇಳಿದರು. ಅವಳು ಅವರ ಮಾತು ಮುಗಿಯುವ ತನಕ ಕಾದು, ಇವರ ಕಡೆ ತಿರುಗಿ, ಇದನ್ನು ನೀವು ಸ್ಟಾಫ್‌ರೂಮಿನಲ್ಲಿ ಎಲ್ಲರ ಎದುರು ಹೇಳಬೇಕು ಎಂದಳು.

ಇವರು ಚಹಾವನ್ನು ತಟ್ಟೆಗೆ ಸುರಿಯುತ್ತಿದ್ದರು. ‘ದೊಡ್ಡದು ಮಾಡ್ಬೇಡ ತೋಡಾರು’ ಎಂದರು. ‘ಕೆಲಸ ಸಿಕ್ಕಿತಲ್ಲ. ಇನ್ನೆಂತ ಬೇಕು ನಿನಗೆ?’

ಪ್ರಿನ್ಸಿಪಾಲರೂ, ಅದೊಂದು ಬೇಡಮ್ಮ, ಉಳಿದದ್ದೆಲ್ಲ ನಾನು ನೋಡಿಕೊಳ್ಳುತ್ತೇನೆ ಎಂದು ಸಮಾಧಾನ ಮಾಡಿದರು.

ಝುಬೇದಾ ಎದ್ದು ನಿಂತಳು. ಶಾಲೆಯಲ್ಲಿ ಕಲಿತ ಬಿಡಿಬಿಡಿಯಾದ ಕನ್ನಡದಲ್ಲಿ, ಒಂದೊಂದೇ ಶಬ್ದ ಇಟ್ಟ ಹಾಗೆ ಹೇಳಿದಳು: ‘ಸಾರ್, ನನ್ನ ಮೇಲೆ ತಪ್ಪು ಹಾಕುವಾಗ ಎಲ್ಲರ ಎದುರು ಹಾಕಿದಿರಿ. ತೆಗೆಯುವಾಗ ಮಾತ್ರ ಬಾಗಿಲು ಹಾಕಬೇಕಾ?’

ಅವಳ ತಂದೆ ಮುಟ್ಟದ ಚಹಾದ ಲೋಟವನ್ನು ಮೇಜಿನ ಮಧ್ಯಕ್ಕೆ ಸರಿಸಿ, ಟೊಪ್ಪಿ ಸರಿಮಾಡಿಕೊಂಡು ಎದ್ದರು. ಇಬ್ಬರೂ ಹೋದರು. ಅವಳಿಗೇ ಬೇಡವೆಂದರೆ ನಾವೇನು ಮಾಡುವುದು ಎಂದು ಪ್ರಿನ್ಸಿಪಾಲರು ಉಸಿರು ಬಿಟ್ಟರು. ಆ ಉಸಿರಿನಲ್ಲಿ ನೆಮ್ಮದಿ ಇತ್ತು. ಇವರು ತಟ್ಟೆಯ ಚಹಾವನ್ನು ಸೊರ್ರೆಂದು ಹೀರಿ, ಮುಟ್ಟದೆ ಉಳಿದಿದ್ದ ಆ ಲೋಟವನ್ನೂ ತಮ್ಮ ಕಡೆ ಎಳೆದುಕೊಂಡರು.

ನಾನು ಅಲ್ಲಿಂದ ನೇರ ಸ್ಟಾಫ್‌ರೂಮಿಗೆ ಹೋಗಿ, ಇದ್ದಷ್ಟು ಜನರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕೆಲವರು ತಲೆ ತಗ್ಗಿಸಿದರು. ಕೆಲವರು, ಹೀಗೂ ಉಂಟಾ ಎಂದರು. ಸಂಸ್ಕೃತದ ಮೇಡಂ ಒಬ್ಬರು ಅದೇ ಸಂಜೆ ತೋಡಾರಿಗೆ ಹೋಗಿ ಝುಬೇದಾಳನ್ನು ಕಂಡು ಬಂದರಂತೆ. ಆದರೆ ವಾರ ಕಳೆಯುವುದರೊಳಗೆ ಇವರ ಕೋಣೆಯ ಮುಂದೆ ಎಂದಿನ ಹಾಗೆ ಜನ ನಿಲ್ಲತೊಡಗಿದರು. ಯಂತ್ರ ನಡೆಯಬೇಕಲ್ಲ. ಝುಬೇದಾ ಬಂಟ್ವಾಳದಲ್ಲಿ ವಕೀಲರೊಬ್ಬರ ಆಫೀಸಿಗೆ ಸೇರಿದಳು. ಆಮೇಲೆ ಕೋರ್ಟಿನ ಹತ್ತಿರ ತನ್ನದೇ ಟೈಪಿಂಗಿನ ಅಂಗಡಿ ಇಟ್ಟಳು. ನನ್ನ ಮಗಳು ಟೈ‍ಪಿಂಗ್ ಕಲಿತದ್ದು ಅಲ್ಲಿಯೇ.

ನಾನು ಅವರೊಡನೆ ಮಾತು ಬಿಟ್ಟೆ. ಕೆಲಸದ ಹೌದು, ಅಲ್ಲ ಬಿಟ್ಟರೆ ಬೇರೆ ಒಂದು ಮಾತಿಲ್ಲ. ಅವರು ನಿವೃತ್ತರಾಗುವ ತನಕ ಆ ಪ್ಲೈವುಡ್ ಗೋಡೆಯ ಈಚೆ ಹಾಗೆಯೇ ಕುಳಿತೆ. ಅವರಿಗೆ ಇದು ಗೊತ್ತೇ ಆಗಲಿಲ್ಲ. ಬೆಳಗ್ಗೆ ಬಂದು, ‘ಎಂತ ಬಂಟ್ವಾಳ, ಸೌಖ್ಯವಾ’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಏಲಕ್ಕಿ ಜಗಿಯುತ್ತಾ ಒಳಗೆ ಹೋಗುತ್ತಿದ್ದರು. ಬೀಳ್ಕೊಡುಗೆಯ ದಿನ ಶಾಲು ಹೊದೆಸಿ, ನಮ್ಮ ಊರಿಗೆ ಕಂಪ್ಯೂಟರ್ ತಂದ ಮಹನೀಯರು ಎಂದು ಮಾನಪತ್ರ ಓದಿದರು. ನಾನು ಆ ದಿನ ರಜೆ ಹಾಕಿದ್ದೆ.

ಹೋದ ತಿಂಗಳು ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಕಾಗದ ಬಂತು. ಮಗ ತನ್ನ ಕೈಯಲ್ಲೇ, ತಾವು ತಪ್ಪದೆ ಬರಬೇಕು ಎಂದು ಬರೆದಿದ್ದ. ಅವನು ಸಣ್ಣವನಿರುವಾಗ ನಾನು ಕಂಡದ್ದು, ಈಗ ಅವನಿಗೂ ತಲೆ ಹಣ್ಣಾಗಿದೆ. ಹೋಗಬಾರದು ಎಂದುಕೊಂಡಿದ್ದವನು ಬೆಳಗ್ಗೆ ಯಾಕೋ ಎದ್ದು ಬೆಳ್ತಂಗಡಿಯ ಬಸ್ಸು ಹತ್ತಿದೆ. ಅಂಗಳದಲ್ಲಿ ಚಪ್ಪರ, ಹಾರ ಹಾಕಿದ ಫೋಟೊ, ಮೈಕು. ಮಗ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ಅಪ್ಪ ನಿಮ್ಮ ವಿಷಯ ಬಹಳ ಹೇಳ್ತಿದ್ದರು ಸಾರ್, ಬಂಟ್ವಾಳ ಒಬ್ಬರೇ ನನ್ನ ಆಪ್ತರು ಅಂತ, ನುಡಿನಮನದಲ್ಲಿ ನೀವು ನಾಲ್ಕು ಮಾತು ಆಡಬೇಕು ಎಂದ.

ಆಪ್ತ ಎಂಬ ಶಬ್ದ ಕೇಳಿ ನನಗೆ ಬಸ್ಸಿನ ಆ ನೆಲಗಡಲೆಯ ವಾಸನೆ ಬಂದ ಹಾಗಾಯಿತು. ಕೆಟ್ಟದ್ದು ಆಡುವ ಜಾಗ ಅದಲ್ಲ. ಆದರೂ ಸುಳ್ಳು ಹೇಳಲು ಬಾಯಿ ಬರಲಿಲ್ಲ. ‘ನನ್ನಿಂದ ಆಗುವುದಿಲ್ಲ ಮಗಾ. ನಾನು ಅವರ ಆಪ್ತನಲ್ಲ. ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ’ ಎಂದೆ.

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಬಾಗಿಲ ಕಡೆ ನೋಡಿ, ಹತ್ತಿರ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸ್ವರ ತಗ್ಗಿಸಿದ.

‘ಮನೆಯಲ್ಲಿ ಎಂತ ಮಾಡ್ತಿದ್ರು ಗೊತ್ತುಂಟಾ ಸಾರ್? ಬೆಳಗ್ಗೆ ಹೋಗುವಾಗ ಮೇನ್ ಸ್ವಿಚ್ಚಿನ ಫ್ಯೂಸ್ ಕಿತ್ತು ಕಿಸೆಗೆ ಹಾಕ್ಕೊಂಡು ಹೋಗ್ತಿದ್ರು. ಸಂಜೆ ಬಂದು ಮೆಲ್ಲ ಹಾಕಿ, ನೋಡಿದ್ಯಾ, ನಾನು ಬಂದ ಮೇಲೆಯೇ ಕರೆಂಟು ಬಂದದ್ದು ಅಂತ ಅಮ್ಮನಿಗೆ ಹೇಳುವುದು. ಅಮ್ಮ ಅದನ್ನು ನಂಬ್ತಿದ್ರು. ನನಗೆ ಒಂದು ದಿನ, ಅವರು ಬಂದು ಕಳಚಿದ ಅಂಗಿಯನ್ನು ಒಗೆಯಲಿಕ್ಕೆ ತೆಗೆದಾಗ, ಕಿಸೆಯಲ್ಲಿ ಫ್ಯೂಸ್ ಸಿಕ್ಕಿತು.’

‘ಅಮ್ಮನಿಗೆ ಹೇಳಿದಿಯಾ?’

‘ಇಲ್ಲ’ ಎಂದ. ‘ಈಗಲೂ ಹೇಳಲಿಲ್ಲ.’

ಹೊರಗೆ ಮೈಕಿನಲ್ಲಿ ಯಾರೋ ಅವರ ಗುಣಗಾನ ಶುರು ಮಾಡಿದ್ದರು. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ಗೋಡೆಗೆ ಒರಗಿ ಕುಳಿತು, ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡು ಅದನ್ನು ಕೇಳುತ್ತಿದ್ದರು. ಪ್ರತಿ ಮಾತಿಗೂ ಹೌದು ಹೌದು ಎಂದು ತಲೆ ಆಡಿಸುತ್ತಿದ್ದರು.